ಹಿಂದಿನ ಕುರ್ಚಿಯ ವಹಿ

ಇವತ್ತು ಬೆಳಿಗ್ಗೆ ಕಾಂದಿವಲಿಯ ನಮ್ಮ ಫ್ಲ್ಯಾಟಿನಲ್ಲಿ ಮನೆಯಾಕೆ ರದ್ದಿಯವನಿಗೆ ಹಾಕಲೆಂದು ಕಪಾಟು ಬರಿದು ಮಾಡುತ್ತಿದ್ದಳು. ಮನೆಯೆಲ್ಲ ಡಾಂಬರು ಗುಳಿಗೆಯ ವಾಸನೆ. "ಇದೇನ್ರಿ, ಕೋಟಿನ ಕೆಳಗ ಬಚ್ಚಿಟ್ಟೀರಿ? ಇದನ್ನೂ ಹಾಕಲೇನು?" ಎಂದು ಖಾಕಿ ಹೊದಿಕೆಯ ವಹಿಯೊಂದನ್ನು ಎತ್ತಿ ತೋರಿಸಿದಳು. ನನ್ನ ಕೈಯಲ್ಲಿದ್ದ ಚಹಾ ತುಳುಕಿತು. ವಹಿ ಎಂದರೆ ನಮ್ಮ ಕಡೆ ನೋಟ್‌ಬುಕ್ಕು. ಮೇಲೆ ದಪ್ಪ ಅಕ್ಷರದಲ್ಲಿ 'ಪಾಠ ವೀಕ್ಷಣೆ' ಎಂದಿತ್ತು. ಬಚ್ಚಿಟ್ಟದ್ದು ನಿಜ. ಯಾಕೆಂದು ನಿಮಗೆ ಹೇಳಿಬಿಡುತ್ತೇನೆ. ಅವಳಿಗೆ ಇನ್ನೂ ಹೇಳಿಲ್ಲ.

ನೋಡಿ, ನಾನು ಮಾಸ್ತರರನ್ನು ತಯಾರಿಸುವ ಮಾಸ್ತರನಾಗಿದ್ದೆ. ಗೋರೆಗಾಂವ್‌ನಲ್ಲಿ ಎರಡು ಕೋಣೆಯ ಟ್ರೇನಿಂಗ್ ಕಾಲೇಜಾಗಿ ಹುಟ್ಟಿದ ನಮ್ಮ ಸಂಸ್ಥೆ ಬೆಳೆದು, ಶಿಕ್ಷಕರ ತರಬೇತಿಗೆಂದೇ ಮೀಸಲಾದ ವಿಶ್ವವಿದ್ಯಾಲಯವಾದಾಗ ಮೊಹರು, ನಿಯಮಾವಳಿ, ಆಡಳಿತ ಮಂಡಳಿ ಎಲ್ಲ ಬಂದವು. ಗಣಿತ ಬೋಧನೆ ಕಲಿಸುತ್ತಿದ್ದ ನಾನೂ ಮಂಡಳಿಯ ಸದಸ್ಯನಾದೆ. ಆ ಖುಷಿಗೆ ಒಂದು ಕೋಟು ಹೊಲಿಸಿಕೊಂಡೆ. ಮುಂಬಯಿಯ ಸೆಕೆಯಲ್ಲಿ, ಲೋಕಲ್ಲಿನ ನೂಕುನುಗ್ಗಲಿನಲ್ಲಿ ಕೋಟು! ಮೊದಲ ಮೀಟಿಂಗಿಗೆ ತಲುಪುವಷ್ಟರಲ್ಲಿ ಎರಡು ಗುಂಡಿ ಕಿತ್ತುಹೋಗಿದ್ದವು.

ನಮ್ಮ ಕುಲಪತಿ ಧಾರವಾಡದ ಕಡೆಯವರು. ನಮ್ಮೂರುಗಳಲ್ಲಿ ಶಾಲೆಯ ಮಕ್ಕಳು ಟೀಚರಮ್ಮನನ್ನು ಕರೆಯುವ ಹಾಗೆ ನಾವು ಕನ್ನಡದವರೆಲ್ಲ ಅವರನ್ನು ಅಕ್ಕೋರು ಎನ್ನುತ್ತಿದ್ದೆವು. ಬೇರೆ ಏನಾದರೂ ಕರೆದರೆ "ಯಾರನ್ನ ಕರಿಯಾಕತ್ತೀರಿ?" ಎಂದು ಹಿಂದೆ ತಿರುಗಿ ನೋಡುವರು. ತರಬೇತಿಯಲ್ಲಿ ಒಂದು ಪದ್ಧತಿ ಇದೆ. ವಿದ್ಯಾರ್ಥಿಗಳು ಶಾಲೆಗೆ ಹೋಗಿ ಪಾಠ ಮಾಡುವಾಗ ನಾವು ಹಿಂದಿನ ಬೆಂಚಿನಲ್ಲಿ ಕುಳಿತು ತಪ್ಪು ಒಪ್ಪು ಬರೆಯುತ್ತೇವೆ. ಪಾಠ ಮಾಡಿದವರು ಅದನ್ನು ಓದಿ ಕೆಳಗೆ ಸಹಿ ಹಾಕಬೇಕು. ಅಕ್ಕೋರು ಇದನ್ನು ತಂದು ಆಡಳಿತ ಮಂಡಳಿಗೇ ಗಂಟು ಹಾಕಿದರು. ಪ್ರತಿ ಮೀಟಿಂಗಿನಲ್ಲಿ ಹಿಂದಿನ ಕುರ್ಚಿಯಲ್ಲಿ ಒಬ್ಬ ವಿದ್ಯಾರ್ಥಿ. ನಡುವೆ ಮಾತಾಡುವಂತಿಲ್ಲ, ಬರೆದು, ಕೊನೆಗೆ ಎದ್ದು ಓದಬೇಕು. "ನಾವ್ ಅವರ ಪಾಠ ನೋಡ್ತೀವಲ್ರಿ, ಅವ್ರೂ ನಮ್ದು ನೋಡ್ಲಿ," ಎಂದರು.

ಎಂಥೆಂಥ ಟಿಪ್ಪಣಿಗಳು ಬಂದವು! 'ಪೀಠಿಕೆ ಉದ್ದವಾಗಿ ಪಾಠಕ್ಕೆ ಸಮಯ ಉಳಿಯಲಿಲ್ಲ.' 'ಒಬ್ಬರೇ ಉತ್ತರಿಸಿದರು, ಉಳಿದವರು ಬಿಸ್ಕತ್ತು ತಿಂದರು.' ಒಮ್ಮೆ ನನ್ನ ಬಗ್ಗೆಯೇ: 'ಗಣಿತದ ಸರ್ ಕಣ್ಣು ಮುಚ್ಚಿ ಆಳವಾಗಿ ಯೋಚಿಸಿದರು, ಸದ್ದು ಹಿಂದಿನವರೆಗೂ ಕೇಳಿಸಿತು.' ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಗುತ್ತಲೇ ಸಹಿ ಹಾಕಿದೆ.

ಒಂದು ಸಲ ಮಾತ್ರ ನಗಲಾಗಲಿಲ್ಲ. ಕನ್ನಡ ಮಾಧ್ಯಮದ ಶಿಕ್ಷಕರನ್ನು ತಯಾರಿಸುವ ಕನ್ನಡ ವಿಭಾಗವನ್ನು ಮುಚ್ಚುವ ಪ್ರಸ್ತಾವ ತಂದವನು ನಾನೇ. ಕಲಿಯುವವರು ಮೂವರು, ಅವರು ಪಾಠ ಮಾಡಲು ಹತ್ತಿರದಲ್ಲಿ ಉಳಿದಿದ್ದ ಕನ್ನಡ ಶಾಲೆ ಒಂದೇ. ಕೋಷ್ಟಕ ಹಾಕಿ ಚೊಕ್ಕವಾಗಿ ವಿವರಿಸಿದೆ. ವಿಜಯಪುರದಿಂದ ಬಂದವನು, ಕನ್ನಡದಲ್ಲೇ ಮಗ್ಗಿ ಕಲಿತವನು! ಎಲ್ಲರ ಕೈಗಳೂ ಮೇಲೆದ್ದವು. ಅಕ್ಕೋರ ಕೈಯೂ ಮೆಲ್ಲಗೆ ಎದ್ದಿತು. ಆಮೇಲೆ ಪದ್ಧತಿಯಂತೆ ಹಿಂದೆ ತಿರುಗಿದರೆ, ಸರದಿಯಂತೆ ಅವತ್ತು ಕುಳಿತವಳು ಸವಿತಾ, ಆ ಮೂವರಲ್ಲಿ ಒಬ್ಬಳು. ತನ್ನ ವಿಭಾಗ ಮುಚ್ಚುವ ಮಾತನ್ನೆಲ್ಲ ಬಾಯಿ ಬಿಡದೆ ಕೇಳಿದ್ದಳು.

ಎದ್ದು ಕನ್ನಡದಲ್ಲೇ ಓದಿದಳು. "ಸಿದ್ಧತೆ ಚೆನ್ನಾಗಿದೆ. ಧ್ವನಿ ಸ್ಪಷ್ಟವಾಗಿದೆ. ಪಾಠ ಸಮಯಕ್ಕೆ ಮುಗಿಯಿತು. ಬೋಧಕರು ಹಿಂದಿನ ಬೆಂಚಿನ ಕಡೆ ಒಮ್ಮೆಯೂ ನೋಡಲಿಲ್ಲ."

ಕನ್ನಡ ಬಾರದ ಸದಸ್ಯರಿಗಾಗಿ ಅಕ್ಕೋರು ಒಂದೊಂದೇ ಸಾಲನ್ನು ಹಿಂದಿಯಲ್ಲಿ ಹೇಳುತ್ತ ಬಂದರು. ಕೊನೆಯ ಸಾಲಿಗೆ ಧ್ವನಿ ನಿಂತಿತು. "ಆಗೇ ಕ್ಯಾ ಹೈ, ಮ್ಯಾಡಮ್?" ಎಂದು ಯಾರೋ ಕೇಳಿದರು. ಅಕ್ಕೋರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ನನ್ನ ಕಡೆ ತಿರುಗಿ, "ಪಾಠ ಬಿತ್ರಿ ಸರ್. ನಂದೂ ಬಿತ್ತು, ನಾನೂ ಕೈ ಎತ್ತೇನಿ. ಒಮ್ಮೆ ಆ ಕನ್ನಡ ಸಾಲಿಗೆ ಹೋಗಿ, ಮಕ್ಕಳ ಹಿಂದ ಕುಂತು ಬರ್ರಿ. ಆಮ್ಯಾಲ ಈ ಪ್ರಸ್ತಾವ ಮತ್ತ ತಗೊಳ್ಳೋಣು," ಎಂದರು. ಬಿದ್ದ, ಅಂದರೆ ನಪಾಸಾದ, ಪಾಠವನ್ನು ಮತ್ತೆ ಮಾಡಿಸುವುದು ನಮ್ಮಲ್ಲಿ ರೂಢಿ. ಆದರೆ ಅದು ವಿದ್ಯಾರ್ಥಿಗಳಿಗೆ, ನನಗಲ್ಲ! ಮೈಯೆಲ್ಲ ಉರಿಯಿತು. ಸಹಿ ಮಾಡುವ ನೆಪದಲ್ಲಿ ವಹಿಯನ್ನು ಬ್ಯಾಗಿಗೆ ತುರುಕಿಕೊಂಡು ಮನೆಗೆ ಬಂದೆ.

ಶಾಲೆಗೇನೋ ಹೋದೆ, ಮುಖ ಊದಿಸಿಕೊಂಡೇ. ಸವಿತಾ ಲೆಕ್ಕ ಕಲಿಸುತ್ತಿದ್ದಳು. ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬಳು ಪುಟ್ಟ ಹುಡುಗಿ. ಕಟ್ಟಡದ ಕೆಲಸಕ್ಕೆ ನಮ್ಮ ಜಿಲ್ಲೆಯಿಂದ ಬಂದವರ ಮಗಳು. ಮೊದಲು ಹಿಂದಿ ಶಾಲೆಗೆ ಹಾಕಿದ್ದರಂತೆ, ಅಲ್ಲಿ ತುಟಿ ಪಿಟಕ್ಕೆಂದಿರಲಿಲ್ಲವಂತೆ. "ನಿಮ್ಮೂರ ಬಾವಿಗೆ ಎಷ್ಟ್ ಮೆಟ್ಲ ಅದಾವವಾ?" ಎಂದು ಸವಿತಾ ಕೇಳಿದಳು. "ಎಣಿಸಿಲ್ರೀ ಅಕ್ಕೋರ. ತಡೀರಿ, ಇಳದು ಹೇಳ್ತೀನಿ," ಎಂದ ಹುಡುಗಿ ಕಣ್ಣು ಮುಚ್ಚಿ, ಬೆಂಚಿನ ಕೆಳಗೆ ಒಂದೊಂದೇ ಹೆಜ್ಜೆ ಹಾಕುತ್ತ ಎಣಿಸತೊಡಗಿದಳು. ಇಪ್ಪತ್ತೆರಡಕ್ಕೆ ಕಣ್ಣು ಬಿಟ್ಟು, "ನೀರ ಬಂತ್ರಿ," ಎಂದಳು. ನಿಮ್ಮ ಮುಂದೆ ಸುಳ್ಳು ಯಾಕೆ, ಬೆಂಚಿನ ಕೆಳಗೆ ನನ್ನ ಕಾಲೂ ಅವಳ ಜೊತೆ ಇಳಿದಿತ್ತು.

ಮುಂದಿನ ಮೀಟಿಂಗಿನಲ್ಲಿ, ಇನ್ನಷ್ಟು ಪರಿಶೀಲನೆ ಬೇಕು ಎಂದು ಇಂಗ್ಲಿಷಿನಲ್ಲಿ ಏನೇನೋ ಹೇಳಿ, ಮಾನ ಉಳಿಸಿಕೊಂಡು ಪ್ರಸ್ತಾವ ಹಿಂದಕ್ಕೆ ತೆಗೆದುಕೊಂಡೆ. ವಿಭಾಗ ಉಳಿಯಿತು. ಸಹಿ ಮಾತ್ರ ಮಾಡಲಿಲ್ಲ. ನನ್ನ ಪಾಠ ಬಿದ್ದಿತೆಂದು ನಾನೇ ಬರೆದುಕೊಡಬೇಕೇ? ಮೀಟಿಂಗಿಗೆ ಹೊಸ ವಹಿ ಬಂತು. ಅಕ್ಕೋರು ನಿವೃತ್ತರಾದ ದಿನ ಹಾರ ತುರಾಯಿಗಳ ನಡುವಿನಿಂದ ನನ್ನನ್ನು ಕರೆದು ಮೆಲ್ಲಗೆ ಕೇಳಿದರು: "ಆ ಸಹಿ ಆತೇನ್ರಿ ಸರ್?"

"ವಹಿನ ಸಿಗವಲ್ದ್ರಿ ಅಕ್ಕೋರ," ಎಂದೆ.

"ಇರ್ಲಿ ಬಿಡ್ರಿ, ಸಿಕ್ಕಾಗ ಮಾಡ್ರಿ," ಎಂದು ನನ್ನ ಕೈ ಒತ್ತಿದರು. ಅವರಿಗೆ ಗೊತ್ತಿತ್ತು. ಈಗ ಅವರಿಲ್ಲ.

ಇವತ್ತು ಚಹಾ ಬದಿಗಿಟ್ಟು ಆ ಪುಟ ತೆರೆದೆ. ನಾಲ್ಕು ಸಾಲು, ಕೆಳಗೆ ಖಾಲಿ ಗೆರೆ. ಸಹಿ ಹಾಕಿದೆ, ತಾರೀಖು ಬರೆದೆ, ಕೋಟಿನ ಗೊಡವೆಯಿಲ್ಲದೆ ಲೋಕಲ್ ಹಿಡಿದೆ. ಸವಿತಾ ಈಗ ಅದೇ ವಿಭಾಗದ ಮುಖ್ಯಸ್ಥೆ. ತರಗತಿಗೆ ಹೊರಟವಳು ಬಾಗಿಲಲ್ಲೇ ನಿಂತು ವಹಿ ಬಿಡಿಸಿದಳು. ತನ್ನದೇ ಅಕ್ಷರವನ್ನು ಗುರುತಿಸಿ, ಕೆಳಗಿನ ಸಹಿಯ ಮೇಲೆ ಬೆರಳಿಟ್ಟಳು.

"ಸರ್, ತಾರೀಖು ಇವತ್ತಿಂದು ಹಾಕೀರಲ್ರೀ?"

"ಹೌದವ್ವಾ," ಎಂದೆ. "ಓದಿದ್ದು ಇವತ್ತ."