ತೊಳೆದಿಟ್ಟ ಕನಕಾಂಬರ

ಚಿಕ್ಕಬಳ್ಳಾಪುರದ ನಮ್ಮ ಮನೆಯ ಮಹಡಿಯಲ್ಲಿ ಈ ಬೆಳಿಗ್ಗೆ ಕುಂಡಗಳಿಗೆ ನೀರು ಹಾಕುತ್ತಿದ್ದಾಗ, ಕನಕಾಂಬರದ ಒಣ ಕಾಯೊಂದು ಚಟ್ಟನೆ ಸಿಡಿದು ಬೀಜ ನನ್ನ ಕೆನ್ನೆಗೆ ಬಡಿಯಿತು. ಘಮವಿಲ್ಲವೆಂದು ಮಲ್ಲಿಗೆ ಮುಡಿಯುವವರು ಮೂಗು ಮುರಿಯುವ ಕೇಸರಿ ಹೂ ಇದೆಯಲ್ಲ, ಅದೇ. ಅದರ ಒಣ ಕಾಯಿಗೆ ನೀರು ತಾಗಿದರೆ ಸಿಡಿಯುತ್ತದೆ. ಇದನ್ನು ನಾನು ಕಲಿತದ್ದು ಮೇಲೂರಿನಲ್ಲಿ, ಮರ್ಯಾದೆ ಕಳೆದುಕೊಂಡು.

ಅಲ್ಲಿ ಅಜ್ಜಿಯ ಹಿತ್ತಿಲಲ್ಲಿ ಒಂದು ಸಾಲು ಕನಕಾಂಬರವಿತ್ತು. ಜಂಗಮಕೋಟೆಯ ತವರಿನಿಂದ ಸೆರಗಿನಲ್ಲಿ ಕಟ್ಟಿ ತಂದ ಬೀಜವಂತೆ. ಅವಳು ಹೂ ಕೊಂಡು ಮುಡಿದವಳೇ ಅಲ್ಲ. ಕೊಳ್ಳುವವರನ್ನು ಕಂಡರೆ ಅವಳಿಗೆ ಕನಿಕರ. ಚಿಕ್ಕಪ್ಪ ರೇಷ್ಮೆಹುಳು ಮನೆಯನ್ನು ದೊಡ್ಡದು ಮಾಡಲು ಆ ಸಾಲನ್ನೇ ಕಿತ್ತ. "ಹೂವೇನಮ್ಮ, ಸಂತೇಲಿ ಒಂದ್ ಮೊಳ ತಂದ್ರಾಯ್ತು," ಎಂದ. ಅಜ್ಜಿ ಜಗಳವಾಡಲಿಲ್ಲ. ಕಿತ್ತ ಗಿಡಗಳ ಒಣ ಕಾಯಿಗಳನ್ನೆಲ್ಲ ಮೊರಕ್ಕೆ ಬಿಡಿಸಿ, "ಇಷ್ಟೇ ಕಣೇ ಉಳಿದಿರೋದು. ಜೋಪಾನವಾಗಿ ಎತ್ತಿಡಮ್ಮ," ಎಂದು ನನ್ನ ಕೈಗಿತ್ತಳು.

ಹುಳು ಸಾಕುವ ಮನೆಯ ಮಕ್ಕಳಿಗೆ ಜೋಪಾನವೆಂದರೆ ತೊಳೆಯುವುದು. ಕೈ ತೊಳೆ, ಕಾಲು ತೊಳೆ, ತಟ್ಟೆ ತೊಳೆ. ಇಲ್ಲದಿದ್ದರೆ ಹುಳುವಿಗೆ ರೋಗ. ಆಗಷ್ಟೇ ಕಾಲೇಜಿನ ಮೆಟ್ಟಿಲು ಹತ್ತಿದ್ದ ನಾನು ಮೊರವನ್ನು ಅಂಗಳಕ್ಕೆ ಒಯ್ದು ಒಂದು ಚೊಂಬು ನೀರು ಸುರಿದೆ. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಚಟಪಟ, ಚಟಪಟ! ಅಷ್ಟೂ ಬೀಜ ಅಂಗಳದ ಪಾಲಾಗಿ ಮೊರದಲ್ಲಿ ಸಿಪ್ಪೆ ಉಳಿಯಿತು.

"ತೊಳೆದ್ಯಾ?" ಅಜ್ಜಿ ಕೇಳಿದ್ದು ಅಷ್ಟೇ. ಚಿಕ್ಕಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಓದಿದ್ ಹುಡ್ಗಿ ಕಣಮ್ಮ!" ಅಜ್ಜಿಯ ಹೂವಿಲ್ಲದ ತುರುಬನ್ನು ನೋಡಲಾರದೆ ನಾನು ಎಷ್ಟೋ ದಿನ ತಲೆ ತಗ್ಗಿಸಿಯೇ ಓಡಾಡಿದೆ.

ಮಳೆ ಬಂತು ನೋಡಿ. ಚಪ್ಪಡಿಯ ಸಂದಿಯಲ್ಲಿ, ತುಳಸಿಕಟ್ಟೆಯ ಬುಡದಲ್ಲಿ, ಚಿಕ್ಕಪ್ಪನ ಹೊಸ ಗೋಡೆಯ ಉದ್ದಕ್ಕೂ ಕನಕಾಂಬರದ ಸಸಿ! ಹೂ ಬಿಟ್ಟ ದಿನ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ಮಗನನ್ನು ಕರೆದಳು: "ಒಂದ್ ಸಾಲು ಕಿತ್ಯಲ್ಲಪ್ಪ, ಬಾ, ಈಗ ಕೀಳು ನೋಡಣ!" ಚಿಕ್ಕಪ್ಪ ಕಾಲಿಡಲು ಜಾಗ ಹುಡುಕುತ್ತಾ ಒಳಗೆ ಹೋದ. ಅಜ್ಜಿ ಮೊದಲ ಮಾಲೆಯನ್ನು ನನ್ನ ಜಡೆಗೆ ಮುಡಿಸಿದಳು. "ನಾನು ಸಾಲು ಹಾಕ್ದೆ, ನೀನು ಅಂಗಳಾನೇ ತುಂಬಿಸ್ದೆ ಕಣೇ." ಪರೀಕ್ಷೆಯಲ್ಲಿ ಪಾಸಾದಾಗಲೂ ನಾನು ಅಷ್ಟು ಬೀಗಿರಲಿಲ್ಲ.

ನನ್ನ ಕುಂಡದಲ್ಲಿರುವುದು ಆ ಅಂಗಳದ ಸಂತತಿಯೇ. ಆದರೂ ಇಷ್ಟು ವರ್ಷ ಅದರ ಕಾಯಿಗಳನ್ನು ನೀರು ಸೋಕದಂತೆ ಕಾಗದದಲ್ಲಿ ಕಟ್ಟಿಡುತ್ತಿದ್ದೆ. ಇವತ್ತು ಆ ಪೊಟ್ಟಣಗಳನ್ನೆಲ್ಲ ತಂದು ಬಿಚ್ಚಿ, ಕಾಯಿಗಳನ್ನು ಪಕ್ಕದ ಖಾಲಿ ಸೈಟಿನ ಕಡೆಯ ಮೋಟುಗೋಡೆಯ ಮೇಲೆ ಹರವಿ ಒಂದು ಚೊಂಬು ನೀರು ಸುರಿದೆ.

"ಏನ್ ಮೇಡಂ, ಬೆಳಗ್ಗೆನೇ ಪಟಾಕಿ?" ಎದುರು ಮನೆಯಾಕೆ ಕೂಗಿದರು.

"ಬೀಜ ತೊಳೀತಿದೀನಿ," ಎಂದೆ, ತಲೆಯೆತ್ತಿ.