ಎದ್ದು ನಿಲ್ಲುವ ಅಕ್ಷರ

ಆಗೆಲ್ಲ ಸಂಕ್ರಾಂತಿಯ ಆಚೀಚೆ ನಮ್ಮ ಬೀದಿಯಲ್ಲಿ ಯಾರ ಕೈ ಮೂಸಿದರೂ ಅವರೆಕಾಯಿ ಸೊಗಡು. ರಾಮಕೃಷ್ಣನಗರದಲ್ಲಿ ಇನ್ನೂ ಖಾಲಿ ಸೈಟುಗಳಿದ್ದವು. ಶಾಲೆ ಬಿಟ್ಟು ಬಂದವರು ಅಲ್ಲಿ ಕುಂಟಬಿಲ್ಲೆ ಆಡಿ, ದೀಪ ಹಚ್ಚುವ ಹೊತ್ತಿಗೆ ಮನೆಗೆ ಓಡಿದರೆ ಜಗಲಿಯ ಮೇಲೆ ಕಾಯಿಯ ರಾಶಿ ಬಿದ್ದಿರುತ್ತಿತ್ತು. ಇಲವಾಲದಿಂದ ಚಿಕ್ಕಪ್ಪ ಚೀಲದಲ್ಲಿ ತಂದು ಸುರಿದು ಹೋಗುತ್ತಿದ್ದರು. ಮುಂದಿನ ಕೋಣೆಯಲ್ಲಿ ಅಪ್ಪನ ಹಿಟ್ಟಿನ ಗಿರಣಿ. ರಾಗಿಹಿಟ್ಟಿನ ಬಿಸಿ ವಾಸನೆ ಒಂದು ಕಡೆ, ಅವರೆಯದು ಇನ್ನೊಂದು ಕಡೆ. ನಡುವೆ ಕೂತು ನಮ್ಮ ರತ್ನಕ್ಕ ಇಂಗ್ಲಿಷ್ ಹೇಳಿಕೊಳ್ಳುತ್ತಿದ್ದಳು.

ಅಕ್ಕ ಹೋಗಿ ವರ್ಷವಾಗುತ್ತಾ ಬಂತು. ಅವಳ ಬಗ್ಗೆ ಏನಾದರೂ ಬರೆಯೋಣವೆಂದು ಕೂತಾಗಲೆಲ್ಲ ಆ ಒಂದು ಚಳಿಗಾಲವೇ ನೆನಪಿಗೆ ಬರುತ್ತದೆ. ನಾನು ಹೆಚ್ಚು ಓದಿದವಳಲ್ಲ. ತಿಳಿದ ಹಾಗೆ ಬರೆಯುತ್ತಿದ್ದೇನೆ.

ಆ ವರ್ಷ ಅವಳು ಬಿ.ಎಡ್. ಮಾಡುತ್ತಿದ್ದಳು. ನಮ್ಮ ಮನೆಯಲ್ಲಿ ಅಷ್ಟು ಓದಿದವರು ಅವಳಿಗಿಂತ ಮೊದಲು ಯಾರೂ ಇರಲಿಲ್ಲ. ಕನ್ನಡ ಮೀಡಿಯಮ್ಮಿನಲ್ಲಿ ಓದಿ ಬಂದವಳು ಹಟ ಹಿಡಿದು ಇಂಗ್ಲಿಷ್ ವಿಷಯವನ್ನೇ ತೆಗೆದುಕೊಂಡಿದ್ದಳು. ಕಾಲೇಜಿನಲ್ಲಿ ಒಬ್ಬ ಮೇಡಂ ಎಲ್ಲರ ಮುಂದೆ, ನಿನ್ನ ಇಂಗ್ಲಿಷ್ ಮೇಲೆ ರೋಡ್ ರೋಲರ್ ಹರಿದಿದೆಯೇನಮ್ಮ, ಏರಿಳಿತವೇ ಇಲ್ಲವಲ್ಲ ಎಂದು ಕೇಳಿದ್ದರಂತೆ. ಮನೆಗೆ ಬಂದು ಅಕ್ಕ ಅದನ್ನು ನಗುತ್ತಲೇ ಹೇಳಿದಳು, ಆದರೆ ಆ ರಾತ್ರಿ ಊಟ ಮಾಡಲಿಲ್ಲ. ಅಪ್ಪ ಸಮಾಧಾನ ಮಾಡಲು ಹೋಗಿ, ನಮ್ಮ ಮಿಷಿನ್ನಿಗೂ ಯಾವ ಕಾಳು ಹಾಕಿದರೂ ಒಂದೇ ಸದ್ದು ಕಣವ್ವ, ಅದಕ್ಕೇನು ಹಿಟ್ಟು ಬರಲ್ವಾ ಎಂದರು. ಅವಳಿಗೆ ಇನ್ನಷ್ಟು ಅಳು ಬಂತು.

ಕೋರ್ಸಿನ ಕೊನೆಯಲ್ಲಿ ಒಂದು ಪರೀಕ್ಷಾ ಪಾಠ. ಹೊರಗಿನಿಂದ ಒಬ್ಬ ಪರೀಕ್ಷಕರು ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ, ಓದುತ್ತಿರುವವರು ನಿಜವಾದ ಶಾಲೆಯ ಮಕ್ಕಳಿಗೆ ಪಾಠ ಮಾಡಬೇಕು. ಅದರಲ್ಲಿ ಫೇಲಾದರೆ ಇನ್ನೊಂದು ವರ್ಷ ಕಾಯಬೇಕು. ಅಪ್ಪ ಇನ್ನೊಂದು ವರ್ಷಕ್ಕೆ ಒಪ್ಪುವವರಲ್ಲ. ಬೈದು ಹೇಳಿದ್ದಲ್ಲ, ಗಿರಣಿಯ ಬೆಲ್ಟ್ ಬಿಗಿಯುತ್ತಾ, ಇದೊಂದು ಸಲ ನೋಡ್ಬುಡವ್ವ, ಆಗಲಿಲ್ಲ ಅಂದ್ರೆ ಸಾಕು ಮಾಡ್ಬುಡು, ಎಂದು ಮೆಲ್ಲಗೆ ಹೇಳಿದ್ದರು. ಅಪ್ಪ ಮೆಲ್ಲಗೆ ಹೇಳಿದ ಮಾತನ್ನು ಬದಲಾಯಿಸಿದ್ದನ್ನು ನಾವು ಕಂಡಿರಲಿಲ್ಲ.

ಅವಳಿಗೆ ಪಾಠ ಹಾಕಿದ್ದು ಚಾಮರಾಜಪುರಂನ ನಮ್ಮ ಶಾಲೆಯಲ್ಲಿ, ನಾನಿದ್ದ ಎಂಟನೇ ತರಗತಿಗೇ. ಪಾಠದ ವಿಷಯವೂ ಅವಳನ್ನೇ ಹುಡುಕಿಕೊಂಡು ಬಂದ ಹಾಗಿತ್ತು: ಇಂಗ್ಲಿಷ್ ಪದದಲ್ಲಿ ಒತ್ತು ಎಲ್ಲಿ ಬೀಳುತ್ತದೆ ಎಂಬುದು. ನಾವು ಮಾತಾಡುವಾಗ ಅಕ್ಷರಗಳಿಗೆಲ್ಲ ಹೆಚ್ಚುಕಡಿಮೆ ಸಮ ಪಾಲು ಕೊಡುತ್ತೇವೆ. ಇಂಗ್ಲಿಷಿನಲ್ಲಿ ಹಾಗಲ್ಲವಂತೆ. ಪದದ ಒಂದು ತುಂಡು ಎದ್ದು ನಿಲ್ಲುತ್ತದೆ, ಉಳಿದವು ತಲೆ ತಗ್ಗಿಸಿಕೊಂಡು ಹೋಗುತ್ತವೆ.

ಅವಳು ಇದನ್ನು ಮೊದಲು ತಾನು ಕಲಿತದ್ದು ಹಿತುಕಿದ ಬೇಳೆಯ ಮುಂದೆ. ನೆನೆಸಿದ ಅವರೆಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಬೀಳುತ್ತದಲ್ಲ, ಅದನ್ನೇ ಅವಳು ಪಾಠ ಮಾಡಿಕೊಂಡಳು. ಪೊಟೇಟೊ ಎನ್ನುತ್ತಾ ಮೂರು ಕಾಳು. ಮೊದಲನೆಯದಕ್ಕೆ ಮೆತ್ತಗೆ, ನಡುವಿನದಕ್ಕೆ ಜೋರಾಗಿ, ಕೊನೆಯದಕ್ಕೆ ಮತ್ತೆ ಮೆತ್ತಗೆ. ಜೋರಾಗಿ ಒತ್ತಿದ್ದು ಪಾತ್ರೆ ದಾಟಿ ಗೋಡೆಗೆ ಹೋಗಿ ಬಡಿಯುತ್ತಿತ್ತು. ಅವ್ವ ಪೊರಕೆ ಹಿಡಿದು, ಇವಳು ಪಾಸಾಗೋ ಹೊತ್ಗೆ ಸಾರಿಗೆ ಬರೀ ಸಿಪ್ಪೆ ಉಳೀತದೆ ಎಂದು ಗೊಣಗುತ್ತಾ ಬೇಳೆ ಆರಿಸುತ್ತಿದ್ದಳು. ಒತ್ತು ಬೀಳುವ ಜಾಗಕ್ಕೆ ನಮ್ಮ ಮನೆಯಲ್ಲಿ ಹಾರೋ ಕಾಳು ಎಂದೇ ಹೆಸರಾಯಿತು.

ಶಾಲೆಗೆ ಅದನ್ನು ಒಯ್ಯುವಂತಿರಲಿಲ್ಲ. ರೋಡ್ ರೋಲರ್ ಮೇಡಂ ಕೇಳಿದರೆ ಮತ್ತೆ ನಗಲು ಇನ್ನೊಂದು ಸಿಕ್ಕಿದ ಹಾಗೆ ಎಂದು ಅಕ್ಕ ಹೆದರಿದ್ದಳು. ಅಲ್ಲದೆ ಪಾಠ ಪೂರ್ತಿ ಇಂಗ್ಲಿಷಿನಲ್ಲೇ ಆಗಬೇಕು, ಕನ್ನಡದ ಮಾತು ಬಂದರೆ ಅಂಕ ಕಳೆಯುತ್ತಾರೆ. ಅದಕ್ಕೇ ಅವಳು ಬೇರೊಂದು ಉಪಾಯ ಮಾಡಿದಳು. ಮೂವರು ಹುಡುಗಿಯರು ಮುಂದೆ ಬಂದು ಕುರ್ಚಿಯಲ್ಲಿ ಕೂರಬೇಕು, ಒಬ್ಬೊಬ್ಬಳು ಪದದ ಒಂದೊಂದು ತುಂಡು. ಒತ್ತು ಯಾರ ಮೇಲೆ ಬೀಳುತ್ತದೋ ಅವಳು ತನ್ನ ತುಂಡು ಹೇಳುತ್ತಾ ಎದ್ದು ನಿಲ್ಲಬೇಕು. ಪರೀಕ್ಷಕರು ಬರುವ ಮೊದಲು ಮಕ್ಕಳಿಗೆ ಪಾಠವನ್ನು ತಿದ್ದಿ ತೀಡಿ ಇಡುವುದು ಬಿ.ಎಡ್. ಮಾಡುವವರೆಲ್ಲರ ವಾಡಿಕೆ. ಅಕ್ಕನೂ ನಮ್ಮನ್ನು ತಯಾರು ಮಾಡಿದಳು. ಎಡಕ್ಕೆ ಮಾದೇವಿ, ಬಲಕ್ಕೆ ಶಾಹೀನ, ಎತ್ತರವಿದ್ದೇನೆಂದು ನಡುವೆ ನಾನು. ಪೊಟೇಟೊ, ಟೊಮೇಟೊ, ಬನಾನ. ಮೂರಕ್ಕೂ ನಡುವಿನವಳೇ ಏಳಬೇಕು. ಮಾದೇವಿ ನನ್ನ ಗೆಳತಿ, ತರಗತಿಗೇ ಕುಳ್ಳಿ. ನಾನ್ ಎದ್ದೇಳೋದು ಯಾವಾಗಲೇ, ಬರೀ ನೀನೇ ಮೆರೀತೀಯ ಎಂದು ನನ್ನನ್ನು ಆಡಿಕೊಳ್ಳುತ್ತಿದ್ದಳು.

ಆ ದಿನ ಅಕ್ಕ ಅವ್ವನ ಹಸಿರು ಸೀರೆ ಉಟ್ಟಿದ್ದಳು. ಬಸ್ಸಿನಲ್ಲಿ ನನ್ನ ಪಕ್ಕ ಕೂತು, ಅಪ್ಪಿತಪ್ಪಿಯೂ ಅಕ್ಕ ಅನ್ನಬೇಡ, ಮೇಡಂ ಅನ್ನು ಎಂದು ಮತ್ತೆ ಮತ್ತೆ ಹೇಳಿದಳು.

ಪರೀಕ್ಷಕರು ಸಣಕಲು ದೇಹದವರು, ಕಂದು ಸ್ವೆಟರ್ ಹಾಕಿದ್ದರು. ಒಳಗೆ ಬಂದು ಯಾರನ್ನೂ ನೋಡದೆ ಹಿಂದಿನ ಬೆಂಚಿನಲ್ಲಿ ಕೂತರು. ಪಾಠ ಶುರುವಾಯಿತು. ಅಕ್ಕನ ಇಂಗ್ಲಿಷ್ ಮೊದಲು ಸ್ವಲ್ಪ ನಡುಗಿತು, ಆಮೇಲೆ ಸರಿಹೋಯಿತು. ನಾವು ಮೂವರೂ ಹೋಗಿ ಕೂತೆವು. ಪೊಟೇಟೊಗೆ ಎದ್ದೆ. ಟೊಮೇಟೊಗೆ ಎದ್ದೆ. ಬನಾನಕ್ಕೂ ಎದ್ದೆ. ತರಗತಿ ಚಪ್ಪಾಳೆ ತಟ್ಟಿತು. ಅಕ್ಕ ಬೋರ್ಡಿನ ಕಡೆ ತಿರುಗಿದಳು, ಇನ್ನು ಬರೆಸುವುದು, ಪ್ರಶ್ನೆ ಕೇಳುವುದು, ಮನೆಪಾಠ ಕೊಡುವುದು ಮಾತ್ರ ಬಾಕಿ.

ಆಗ ಹಿಂದಿನಿಂದ ಕೈ ಮೇಲೆ ಹೋಯಿತು. ಅದೇ ಹುಡುಗಿಯರು ಇರಲಿ, ಇನ್ನೊಂದು ಪದ ಕೊಡಿ, ಎಲಿಫೆಂಟ್ ಎಂದರು ಪರೀಕ್ಷಕರು.

ನಮಗೆ ಮೂವರಿಗೂ ಅದು ತಯಾರು ಮಾಡಿದ ಪದವಲ್ಲ. ಮಾದೇವಿ ಎ ಎಂದಳು. ನಾನು ಲಿ ಎನ್ನುತ್ತಾ ಎದ್ದು ನಿಂತೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಕ್ಕನ ಮುಖ ನೋಡಿದೆ, ಬಣ್ಣ ಇಳಿದಿತ್ತು. ನಾನು ಕೂತೆ. ತಪ್ಪಾಯಿತೆಂದು ತಿಳಿದು ಶಾಹೀನ ಫೆಂಟ್ ಎನ್ನುತ್ತಾ ದಡಬಡನೆ ಎದ್ದಳು. ಅದೂ ಅಲ್ಲ.

ಪರೀಕ್ಷಕರು ಗಡಿಯಾರ ನೋಡಿಕೊಂಡರು. ಮಕ್ಕಳಿಗೆ ಕುರ್ಚಿ ಗೊತ್ತಿದೆ, ಪದ ಗೊತ್ತಿಲ್ಲ ಎಂದರು. ಕೋಪವೇನೂ ಇರಲಿಲ್ಲ. ಉತ್ತರ ಹೇಳಿಬಿಟ್ಟು ಮುಂದಕ್ಕೆ ಹೋಗಿ, ಹೊತ್ತಾಗುತ್ತೆ ಎಂದೂ ಸೇರಿಸಿದರು. ಅವರು ಮಾಡಿದ್ದು ಉಪಕಾರವೇ. ಉತ್ತರ ಹೇಳಿದ್ದರೆ ಉಳಿದ ಪಾಠಕ್ಕೆ ಅಂಕ ಸಿಗುತ್ತಿತ್ತು.

ಅಕ್ಕ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟಳು.

"ಬೇಡ ಸರ್. ಸ್ವಲ್ಪ ಇರಿ. ಅವರೇ ಕಂಡುಕೋತಾರೆ," ಎಂದಳು. ಕನ್ನಡದಲ್ಲಿ.

ಅಂಕ ಹೋಯಿತೆಂದು ತರಗತಿಗೆಲ್ಲ ಗೊತ್ತು. ಅವಳು ನಮ್ಮ ಕಡೆ ತಿರುಗಿ, ಮತ್ತೆ ಕನ್ನಡದಲ್ಲೇ, ನಿನ್ನೆ ಯಾರ್ಯಾರ ಮನೇಲಿ ಅವರೆಕಾಳು ಹಿತುಕಿದ್ರಿ ಎಂದು ಕೇಳಿದಳು. ಮುಕ್ಕಾಲು ಪಾಲು ಕೈಗಳು ಎದ್ದವು. ಬೆರಳಲ್ಲಿ ಕಾಳಿದೆ ಅಂದ್ಕೊಳ್ಳಿ, ಪದ ಹೇಳ್ತಾ ಒತ್ತಿ, ಯಾವುದು ದೂರ ಹಾರುತ್ತೆ ನೋಡಿ ಎಂದಳು. ತರಗತಿಯ ತುಂಬ ಬೆರಳು ಒತ್ತುವುದು, ಎಲಿಫೆಂಟ್ ಎಲಿಫೆಂಟ್ ಎಂಬ ಗುನುಗು. ಒಬ್ಬಳಿಗೆ ಕೊನೆಯದು ಹಾರಿತು, ಒಬ್ಬಳಿಗೆ ಮೂರೂ ಹಾರಿದವು, ನಕ್ಕರು. ಅಕ್ಕ ಯಾರಿಗೂ ತಪ್ಪು ಎನ್ನಲಿಲ್ಲ, ಸರಿ ಎಂದೂ ಅನ್ನಲಿಲ್ಲ. ತಾನೇ ಒಂದು ವಾಕ್ಯದಲ್ಲಿ ಸೇರಿಸಿ ಮೆಲ್ಲಗೆ ಆ ಪದ ಹೇಳಿ, ಸುಮ್ಮನೆ ನಿಂತಳು. ಮತ್ತೆ ಹೇಳಿ ಮತ್ತೆ ನಿಂತಳು. ನಾನು ಅವಳ ತುಟಿ ನೋಡುವುದು, ಗಡಿಯಾರ ನೋಡುವುದು. ಹೇಳಿಬಿಡೇ ಅಕ್ಕ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಹೊರಗೆ ಪ್ಯೂನ್ ಗಂಟೆಯ ಹತ್ತಿರ ಹೋಗಿ ನಿಂತದ್ದು ಬಾಗಿಲಿನಿಂದ ಕಾಣುತ್ತಿತ್ತು.

ನನ್ನ ಪಕ್ಕದ ಕುರ್ಚಿ ಕಿರ್ ಎಂದಿತು. ಮಾದೇವಿ ಬೆರಳು ಒತ್ತಿಕೊಂಡೇ, ನಿಧಾನವಾಗಿ, ತನಗೇ ನಂಬಿಕೆಯಿಲ್ಲದವಳ ಹಾಗೆ ಎದ್ದಳು.

"ಎ," ಎಂದಳು. "ನಂದೇ ಮೇಡಂ. ಮೊದಲ್ನೇದೇ ಹಾರೋದು."

ಅಕ್ಕ ತಲೆಯಾಡಿಸಿದಳು. ಆಗಲೇ ಗಂಟೆ ಹೊಡೆಯಿತು. ಬೋರ್ಡ್ ಖಾಲಿ ಇತ್ತು.

ಪರೀಕ್ಷಕರು ಬರೆದುಕೊಂಡು ಮುಂದೆ ಬಂದರು. ಪಾಠ ಮುಗಿಯಲಿಲ್ಲ, ಕನ್ನಡ ಮಾತಾಡಿದಿರಿ, ಎರಡಕ್ಕೂ ಅಂಕ ಕಳೆಯುತ್ತೇನೆ ಎಂದರು. ಅಕ್ಕ ಆಗಲಿ ಸರ್ ಎಂದಳು. ಅವರು ಬಾಗಿಲವರೆಗೆ ಹೋಗಿ, ಮಾದೇವಿಯ ಕಡೆ ತಿರುಗಿ, ಅವಳ ಹೆಸರು ಕೇಳಿ ಹೋದರು.

ಫಲಿತಾಂಶ ಬರುವವರೆಗೆ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಅಪ್ಪ ಮಾತ್ರ ಅವಳು ಓದಲು ಕೂತರೆ ಗಿರಣಿ ನಿಲ್ಲಿಸುತ್ತಿದ್ದರು. ಯಾಕೆಂದು ಅವ್ವ ಕೇಳಿದರೆ, ಮಿಷಿನ್ನು ಕಾದಿದೆ ಎನ್ನುತ್ತಿದ್ದರು. ಕೊನೆಗೆ ಬಂತು. ಅಕ್ಕ ಪಾಸಾಗಿದ್ದಳು. ಪಾಠದಲ್ಲಿ ಅವಳ ಅಂಕ ತರಗತಿಗೇ ಕಡಿಮೆ. ಅಪ್ಪ ಕೈಯ ಹಿಟ್ಟು ಒರೆಸಿಕೊಳ್ಳದೆ ಬಂದು ಅವಳ ತಲೆ ಸವರಿದರು.

ಆಮೇಲೆ ಅವಳು ಬೇರೆ ಬೇರೆ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಪಾಠ ಮಾಡಿದಳು. ಅವಳ ತರಗತಿಯಲ್ಲಿ ಉತ್ತರ ಗೊತ್ತಾಗದೆ ನಿಂತ ಮಗುವಿಗೆ ಪಕ್ಕದವರು ಪಿಸುಗುಟ್ಟುವಂತಿರಲಿಲ್ಲ ಎಂದು ಅವಳ ಹನ್ನೊಂದನೇ ದಿನಕ್ಕೆ ಬಂದಿದ್ದ ಹಳೆಯ ವಿದ್ಯಾರ್ಥಿಗಳು ಹೇಳಿದರು. ಮೇಡಂ ಎಷ್ಟು ಹೊತ್ತಾದರೂ ಕಾಯೋರು ಎಂದರು. ನನಗೆ ಅದರಲ್ಲಿ ಹೊಸದೇನೂ ಇರಲಿಲ್ಲ.

ಲಕ್ವ ಹೊಡೆದಾಗ ಅವಳಿಗೆ ಬಲಗೈಯ ಜೊತೆ ಮಾತೂ ಹೋಗಿತ್ತು. ಆಮೇಲೆ ತುಂಡು ತುಂಡಾಗಿ ಬರತೊಡಗಿತು. ನೋಡಲು ಬಂದವರು ಪ್ರೀತಿಯಿಂದಲೇ, ನೀರಾ, ದಿಂಬಾ, ಫ್ಯಾನ್ ಹಾಕಬೇಕಾ ಎಂದು ಅವಳ ಮಾತನ್ನು ತಾವೇ ಮುಗಿಸುತ್ತಿದ್ದರು. ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ನಾನು ಹಾಸಿಗೆಯ ಪಕ್ಕ ಸುಮ್ಮನೆ ಕೂತಿರುತ್ತಿದ್ದೆ. ಒಂದು ಮಧ್ಯಾಹ್ನ ಕಿ ಎಂದು ಶುರುವಾದದ್ದು ಕಿಟಕಿ ಆಗುವಷ್ಟರಲ್ಲಿ ಬಿಸಿಲು ಇಳಿದಿತ್ತು. ನಾನು ಎದ್ದು ಕಿಟಕಿ ತೆಗೆದೆ. ಅಕ್ಕ ನಕ್ಕಳು.

ಕೊನೆಯ ದಿನ ನನ್ನ ಕೈ ಹಿಡಿದು ಪ ಎಂದಳು. ನಾನು ಕಾದೆ. ಮತ್ತೆ ಪ ಎಂದಳು. ಸಂಜೆಗೆ ಹೋಗಿಬಿಟ್ಟಳು.

ಅದು ಅವಳ ಮಗಳು ಪಲ್ಲವಿಯ ಹೆಸರು ಎನ್ನುತ್ತಾಳೆ ಅವ್ವ. ಪರವಾಗಿಲ್ಲ ಅನ್ನೋಕೆ ಹೊರಟಿದ್ದಳು, ಅವಳ ಸ್ವಭಾವವೇ ಅದು ಎನ್ನುತ್ತಾರೆ ಭಾವ. ಎರಡೂ ಇರಬಹುದು. ಈಗ ನಾನು ಮಾತಾಡುವಾಗ ತಡವರಿಸಿದರೆ ತುಂಬಿಕೊಡಲು ಮನೆ ತುಂಬ ಜನರಿದ್ದಾರೆ. ತಡವರಿಸಲು ಬಿಡುವವಳು ಒಬ್ಬಳಿದ್ದಳು. ಅವಳ ಆ ಮಾತನ್ನು ಮಾತ್ರ ನಾನು ಯಾರಿಗೂ ತುಂಬಲು ಬಿಟ್ಟಿಲ್ಲ, ನಾನೂ ತುಂಬಿಲ್ಲ.