ಹನ್ನೊಂದನೇ ಚೀಟಿಯ ನಾಣ್ಯ

ಬೆಳ್ಳಿಯ ದರ ಏರಿದ ಮೇಲೆ ನನಗೆ ಫೋನು ಬರುವುದು ಹೆಚ್ಚಾಯಿತು. ಉಜಿರೆಯ ಒಂದು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ತಕ್ಕಡಿ, ಸ್ಕ್ರೂಗೇಜುಗಳನ್ನು ಒರೆಸಿ ಜೋಡಿಸಿಡುವುದು ನನ್ನ ಕೆಲಸವಾಗಿತ್ತು. ನಾಣ್ಯದ ಹುಚ್ಚು ಹತ್ತಿದ್ದು ಅಲ್ಲಿಯೇ. ಒಂದು ಮಧ್ಯಾಹ್ನ ಬ್ರಿಟಿಷರ ಕಾಲದ ಹಳೆಯ ರಾಣಿ ರೂಪಾಯಿಯನ್ನು ಸೂಕ್ಷ್ಮ ತಕ್ಕಡಿಗೆ ಹಾಕಿ ನೋಡಿದೆ. ಅಷ್ಟು ವರ್ಷ ಜನರ ಕೈಯಲ್ಲಿ ಸವೆದೂ ಅದು ಹನ್ನೊಂದೂವರೆ ಗ್ರಾಮಿಗಿಂತ ಕೆಳಗಿಳಿದಿರಲಿಲ್ಲ. ಈಗ ನಿವೃತ್ತನಾಗಿ ಮೂಡುಬಿದಿರೆಯಲ್ಲಿದ್ದೇನೆ. ಯಾರಾದರೂ ಕರೆದರೆ ಸಣ್ಣ ಡಿಜಿಟಲ್ ತಕ್ಕಡಿ, ಭೂತಗನ್ನಡಿ, ಒಂದು ಅಯಸ್ಕಾಂತ ಹಿಡಿದುಕೊಂಡು ಹೋಗಿ, ಯಾವ ದೇಶದ್ದು, ಎಷ್ಟು ಬಾಳುತ್ತದೆ ಎಂದು ಬರೆದುಕೊಟ್ಟು ಬರುತ್ತೇನೆ. ಹಣ ತೆಗೆದುಕೊಳ್ಳುವುದಿಲ್ಲ. ಕಾಲೇಜಿನಲ್ಲಿದ್ದವನೆಂದು ಎಲ್ಲರೂ ಮಾಸ್ಟ್ರು ಎಂದೇ ಕರೆಯುತ್ತಾರೆ.

ಹೀಗೆ ಒಂದು ಶನಿವಾರ ಮೆಲ್ಕಾರಿನ ಒಂದು ಮನೆಗೆ ಹೋದೆ. ಕರೆದವರು ಪುಣೆಯಲ್ಲಿ ಹೋಟೆಲು ನಡೆಸುವ ಒಬ್ಬ ಗೃಹಸ್ಥರು. ಮನೆ ಅವರ ಅಕ್ಕನದು. ಆ ಕುಟುಂಬದಲ್ಲಿ ಒಂದು ಕ್ರಮವಿತ್ತು. ಕಡಲು ದಾಟಿ ದುಡಿಯಲು ಹೋದವನು ಮೊದಲ ಸಂಬಳದಲ್ಲಿ ಅಲ್ಲಿಯ ಪೇಟೆಯಿಂದ ಒಂದು ಬೆಳ್ಳಿ ನಾಣ್ಯ ತಂದು, ಮನೆಯ ದೈವದ ಎದುರಿನ ಕಂಚಿನ ಚೆಂಬಿಗೆ ಮುಡಿಪಾಗಿ ಹಾಕಬೇಕು. ಸಿಲೋನಿಗೆ ಹೋದವರು, ಸಿಂಗಾಪುರಕ್ಕೆ ಹೋದವರು, ಮೊಂಬಾಸಕ್ಕೆ ಹೋದವರು ಹಾಕುತ್ತಾ ಬಂದು ಹದಿನೇಳು ನಾಣ್ಯಗಳಾಗಿದ್ದವು. ಈಗ ಅವನ್ನು ಮಾರಿ ದೈವದ ಗುಡಿಗೆ ತಾಮ್ರ ಹೊದಿಸುವುದೆಂದು ತೀರ್ಮಾನವಾಗಿತ್ತು. ನೇಮದಲ್ಲಿ, ಅಂದರೆ ಕೋಲ ಕಟ್ಟಿಸಿದಾಗ, ಕೇಳಿ ದೈವದ ಅಪ್ಪಣೆಯೂ ಆಗಿತ್ತಂತೆ.

ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಇನ್ನೊಬ್ಬ ಹೆಂಗಸು ಕುಳಿತಿದ್ದರು. ಅಕ್ಕನ ಮತ್ತು ಪುಣೆಯವರ ತೀರಿಹೋದ ತಮ್ಮನ ಹೆಂಡತಿ. ಬೆಳ್ತಂಗಡಿಯಿಂದ ಬಸ್ಸಿನಲ್ಲಿ ಬಂದಿದ್ದರು. ಗಂಡ ಮಸ್ಕತ್ತಿನಲ್ಲಿದ್ದವನು. ಚೆಂಬಿಗೆ ಬಿದ್ದ ಕೊನೆಯ ನಾಣ್ಯ ಅವನದು. ಅದೊಂದನ್ನು ತನಗೆ ಕೊಡಬೇಕೆಂದು ಕೇಳಲು ಅವರು ಬಂದದ್ದು. ಆದರೆ ಅದು ಅಳಿಯಕಟ್ಟಿನ ಕುಟುಂಬ. ಚೆಂಬಿನಲ್ಲಿರುವುದು ಅಕ್ಕತಂಗಿಯರ ಸಂತಾನದ ಸೊತ್ತು. ಮದುವೆಯಾಗಿ ಬಂದವರಿಗೆ ಅದರಲ್ಲಿ ಪಾಲಿಲ್ಲ.

"ಕೊಡುವ, ಕೊಡುವ," ಎಂದರು ಅಕ್ಕ. "ಮೊದಲು ಮಾಸ್ಟ್ರು ನೋಡ್ಲಿ. ಅದು ಎಂತದು ಅಂತ ಗೊತ್ತಾಗದೆ ಹೇಗೆ ಕೊಡುದು?"

ನಾಣ್ಯಗಳನ್ನು ಸ್ಟೀಲಿನ ಹರಿವಾಣದಲ್ಲಿ ತಂದಿಟ್ಟರು. ನೋಡಿದ ಕೂಡಲೇ ನನ್ನ ಮುಖ ಹುಳ್ಳಗಾಯಿತು. ಎಲ್ಲವೂ ಹೊಸ ಚಮಚಗಳ ಹಾಗೆ ಹೊಳೆಯುತ್ತಿದ್ದವು.

"ದೈವದ ಸೊತ್ತಲ್ವಾ, ಕಪ್ಪಾಗಿರುದನ್ನು ಹೊರಗಿನವರಿಗೆ ತೋರಿಸುದು ಹೇಗೆ? ಹುಳಿ, ಬೂದಿ ಹಾಕಿ ನಿನ್ನೆ ಇಡೀ ಉಜ್ಜಿದ್ದೇನೆ," ಎಂದರು ಅಕ್ಕ. "ನನ್ನ ಸೊಂಟ ಹೋಯ್ತು."

ಹಳೆಯ ಬೆಳ್ಳಿಯ ಮೇಲೆ ಕೂತ ಆ ಕಪ್ಪೇ ಅದರ ವಯಸ್ಸಿಗೆ ಸಾಕ್ಷಿ, ಅದನ್ನು ಕಿತ್ತರೆ ಬೆಲೆ ಅರ್ಧಕ್ಕೆ ಇಳಿಯುತ್ತದೆ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಭೂತಗನ್ನಡಿಯಲ್ಲಿ ಒಂದು ನಾಣ್ಯದ ರಾಜನ ಕೆನ್ನೆಯ ಮೇಲೆ ಬ್ರಷ್ಷಿನ ಗೀರುಗಳು ಕಾಣುತ್ತಿದ್ದವು. ಅಕ್ಷರಗಳ ಸಂದಿಯಲ್ಲಿ ಹುಣಸೆಯ ನಾರು ಸಿಕ್ಕಿಕೊಂಡಿತ್ತು. ಕೈಗೆಲ್ಲ ಅದರ ಹುಳಿವಾಸನೆ ಅಂಟಿತು.

ನನ್ನ ಕ್ರಮದಂತೆ ಒಂದೊಂದು ನಾಣ್ಯವನ್ನೂ ಅಂಕೆ ಹಾಕಿದ ಚೀಟಿಯ ಮೇಲಿಟ್ಟು, ಮೊದಲು ತೂಕ, ಆಮೇಲೆ ಅಡ್ಡಳತೆ, ಆಮೇಲೆ ಬರಹ, ಇಸವಿ, ಕೊನೆಗೆ ಬೆಲೆ ಎಂದು ಗಟ್ಟಿಯಾಗಿ ಹೇಳುತ್ತಾ ಬರೆದುಕೊಂಡೆ. ತ್ರಿಶೂಲ ಹಿಡಿದು ನಿಂತ ಹೆಂಗಸಿನ ಒಂದು ಡಾಲರನ್ನು ಅಕ್ಕ ದೇವಿ ಎಂದೇ ತಿಳಿದಿದ್ದರು. ಅದು ಆಂಗ್ಲರು ಪೂರ್ವದೇಶಗಳ ವ್ಯಾಪಾರಕ್ಕೆಂದು ಹೊಡೆಸಿದ್ದು ಎಂದೆ. ಸಿಂಹದ ಚಿತ್ರದ ಆಫ್ರಿಕಾದ ಶಿಲ್ಲಿಂಗಿನಲ್ಲಿ ಕಾಲುಪಾಲು ಮಾತ್ರ ಬೆಳ್ಳಿ ಎಂದಾಗ ಪುಣೆಯ ತಮ್ಮನವರು ನಕ್ಕರು. "ಆ ಅಜ್ಜ ದೈವಕ್ಕೂ ಟೋಪಿ ಹಾಕಿದ್ದಾರೆ ಮಾರಾಯ್ರೆ."

ಹನ್ನೊಂದನೇ ಚೀಟಿಗೆ ಮಸ್ಕತ್ತಿನ ನಾಣ್ಯ ಬಂತು. ಎಲ್ಲಕ್ಕಿಂತ ದೊಡ್ಡದು, ಇಪ್ಪತ್ತೆಂಟು ಗ್ರಾಂ. ಒಂದು ಬದಿಯಲ್ಲಿ ತಲೆಗೆ ಸೆರಗು ಹೊದ್ದ ದಪ್ಪ ಮುಖದ ರಾಣಿ, ಇನ್ನೊಂದು ಬದಿಯಲ್ಲಿ ಎರಡು ತಲೆಯ ಹದ್ದು. ಬಾಗಿಲ ಬಳಿಯ ಹೆಂಗಸು ಎದ್ದು ಬಂದು ಮೇಜಿನ ಹತ್ತಿರ ನಿಂತರು. "ಆಸ್ಟ್ರಿಯಾ ದೇಶದ್ದು," ಎಂದು ಓದಿದೆ. "ಇಸವಿ ಸಾವಿರದ ಏಳುನೂರ ಎಂಬತ್ತು."

"ಅಕ್ಕಾ, ಇನ್ನೂರ ನಲವತ್ತು ವರ್ಷ," ಎಂದರು ತಮ್ಮನವರು. ಅಷ್ಟರಲ್ಲಿ ಒಳಗಿನಿಂದ ಊಟಕ್ಕೆ ಕರೆ ಬಂತು. "ಊಟ ಮಾಡಿಯೇ ಮುಂದಿನದ್ದು ಹೇಳುವ ಮಾಸ್ಟ್ರೇ, ಕೈ ತೊಳೀರಿ," ಎಂದು ತಮ್ಮನವರೇ ನನ್ನನ್ನು ಎಬ್ಬಿಸಿದರು.

ಮುಂದಿನದ್ದೇ ಮುಖ್ಯವಾಗಿತ್ತು. ಆ ರಾಣಿ ಸತ್ತ ವರ್ಷವನ್ನೇ ಇಟ್ಟುಕೊಂಡು ಆ ನಾಣ್ಯವನ್ನು ಇತ್ತೀಚಿನವರೆಗೂ ಹೊಡೆಯುತ್ತಾ ಬಂದಿದ್ದಾರೆ. ಅರಬರ ನಾಡಿನಲ್ಲಿ ಅದಕ್ಕೆ ಅಷ್ಟು ನಂಬಿಕೆ. ಇಸವಿ ನೋಡಿ ವಯಸ್ಸು ಹೇಳಲಾಗದ ನಾಣ್ಯ ಅದು. ಇದು ನನಗೆ ನೋಡಿದ ಕ್ಷಣದಲ್ಲೇ ತಿಳಿದಿತ್ತು. ಆದರೆ ಬೆಲೆಯ ಮಾತು ಕೊನೆಯ ಕಲಮಿನದು. ಕ್ರಮ ತಪ್ಪಿಸುವುದು ನನಗೆ ಆಗುವುದಿಲ್ಲ. ಹೋಗಿ ಎಲೆಯ ಮುಂದೆ ಕುಳಿತೆ.

ಊಟ ಮುಗಿಸಿ ಬಂದಾಗ ಹನ್ನೊಂದನೇ ಚೀಟಿ ಬರಿದಾಗಿತ್ತು. ತಮ್ಮನವರು ಬೇಗ ಉಂಡು ಎದ್ದಿದ್ದರು, ಈಗ ಮನೆಯಲ್ಲಿರಲಿಲ್ಲ. ಅಕ್ಕ ಮೇಜಿನ ಕೆಳಗೆ ಬಗ್ಗಿ ನೋಡಿದರು, ಕುರ್ಚಿಯ ಅಡಿ ನೋಡಿದರು. ಆಮೇಲೆ ನಾದಿನಿಯ ಕಡೆ ತಿರುಗಿದರು.

"ನೀನು ಊಟಕ್ಕೆ ಬರ್ಲಿಲ್ಲ ಅಲ್ವಾ?"

"ಹಸಿವಿರ್ಲಿಲ್ಲ ಅಕ್ಕ. ಹೊರಗೆ ನೆರಳಲ್ಲಿ ಕೂತಿದ್ದೆ."

"ಹಾಗೆ ಅಲ್ಲ. ಇಲ್ಲೇ ಇದ್ದದ್ದು ನೀನೊಬ್ಬಳು. ತಪ್ಪಿ ಚೀಲಕ್ಕೆ ಬಿದ್ದಿರ್ಬಹುದು, ಒಮ್ಮೆ ನೋಡು."

 ಆಕೆ ಚೀಲವನ್ನು ಮೇಜಿನ ಮೇಲೆ, ನನ್ನ ಚೀಟಿಗಳ ಪಕ್ಕದಲ್ಲಿ ಮಗುಚಿದರು. ಬಸ್ಸಿನ ಟಿಕೇಟು, ಬೀಗದ ಕೈ, ಬಿಪಿಯ ಮಾತ್ರೆಯ ಹಾಳೆ, ಫೋನು, ಗಂಟು ಹಾಕಿದ ಪ್ಲಾಸ್ಟಿಕ್ಕಿನಲ್ಲಿ ಎರಡು ನೇಂದ್ರ ಬಾಳೆಹಣ್ಣು. ಬಹುಶಃ ಈ ಮನೆಗೆಂದೇ ತಂದು ಕೊಡಲು ಮರೆತಿದ್ದರು. ಅಕ್ಕ ಬೆರಳಿನಲ್ಲಿ ಅವನ್ನು ಸರಿಸಿ ನೋಡಿದರು. ಸಂಬಂಧವಿಲ್ಲದ ನಾನು ಅಲ್ಲಿ ನಿಂತು ಆ ಮಾತ್ರೆಯ ಹೆಸರು ಓದುತ್ತಿದ್ದೆ. ನನ್ನ ಬಗ್ಗೆ ನನಗೆ ಹೇಸಿಗೆ ಹುಟ್ಟಿದ್ದು ಆಗ ಮೊದಲು.

ಆ ವೇಳೆಗೆ ಗೇಟಿನ ಸದ್ದಾಯಿತು. ತಮ್ಮನವರು ಖುಷಿಯಲ್ಲೇ ಒಳಗೆ ಬಂದರು. "ಬೆಳ್ಳಿಯೇ ಮಾಸ್ಟ್ರೇ. ಬಂಟ್ವಾಳ ಪೇಟೆಯಲ್ಲಿ ನನ್ನ ಪರಿಚಯದ ಆಚಾರಿಗೆ ತೋರಿಸಿದೆ. ಒಳಗೂ ಬಿಳಿ ಉಂಟು."

ನಾಣ್ಯವನ್ನು ಚೀಟಿಯ ಮೇಲಿಟ್ಟರು. ರಾಣಿಯ ಕಿವಿಯಿಂದ ಗಲ್ಲದವರೆಗೆ ಉಳಿಯ ಗುರುತು, ಅಕ್ಕಿಕಾಳಿನಷ್ಟು ಆಳ. ಅದರೊಳಗೆ ಆಸಿಡ್ ಬಿಟ್ಟು ನೋಡಿದ ಕಂದುಬಣ್ಣ. ನಮ್ಮಲ್ಲಿ ಚಿನ್ನಬೆಳ್ಳಿ ಕೆಲಸದ ಆಚಾರಿಗಳ ಕ್ರಮವೇ ಹಾಗೆ. ಹೊರಗಿನ ಹೊಳಪನ್ನು ನಂಬುವುದಿಲ್ಲ, ಕಡಿದೇ ನೋಡುತ್ತಾರೆ. ಒಡವೆಗಾದರೆ ಸರಿ, ಅದು ಹೇಗೂ ಕರಗುವುದು.

ಮೇಜಿನ ಮೇಲೆ ಹರಡಿದ್ದ ಮಾತ್ರೆ, ಬೀಗದ ಕೈ ಅವರಿಗೆ ಕಾಣಿಸದೆ ಇರಲಿಲ್ಲ. ಒಮ್ಮೆ ಅಕ್ಕನ ಮುಖ ನೋಡಿದರು.  ನಾದಿನಿ ಒಂದೊಂದನ್ನೇ ತೆಗೆದು ಚೀಲಕ್ಕೆ ಹಾಕಿಕೊಂಡರು. ಬಾಳೆಹಣ್ಣನ್ನೂ.

ಆಗ ನಾನು ಉಳಿದ ಮಾತನ್ನು ಹೇಳಿದೆ. ಇದು ಹಳೆಯದಲ್ಲ, ಇಸವಿ ಎಲ್ಲದರಲ್ಲೂ ಅದೇ. ಸುಮಾರು ಬೆಲೆ ಇತ್ತು, ಈ ಗಾಯದ ಮೇಲೆ ಅದೂ ಇಲ್ಲ, ಇನ್ನು ತೂಕದ ಬೆಳ್ಳಿ ಮಾತ್ರ.

ತಮ್ಮನವರು ಚೀಟಿಯಿಂದ ತಲೆಯೆತ್ತಿದರು. "ಅದನ್ನು ಊಟಕ್ಕೆ ಮೊದಲೇ ಹೇಳ್ಬೇಕಿತ್ತಲ್ಲ ನೀವು."

ಹೇಳಬೇಕಿತ್ತು. ಒಂದು ವಾಕ್ಯ. ಹೇಳಿದ್ದರೆ ಆ ನಾಣ್ಯ ಇಡಿಯಾಗಿ ಆಕೆಯ ಕೈಗೆ ಹೋಗುತ್ತಿತ್ತು, ಯಾರೂ ಅದರ ಹಿಂದೆ ಬೀಳುತ್ತಿರಲಿಲ್ಲ.

"ಹಾಗಾದ್ರೆ ನೀನೇ ಇಟ್ಟುಕೋ," ಎಂದರು ಅಕ್ಕ ನಾದಿನಿಗೆ.

"ಕೊಡುವ. ಆದರೆ ದೈವದ್ದು," ಎಂದರು ತಮ್ಮನವರು. "ಬಿಟ್ಟಿ ಕೊಡ್ಲಿಕ್ಕೆ ನಾನು ಯಾರು? ತೂಕದ್ದು ಕೊಟ್ರೆ ಆಯ್ತು."

ಆಕೆ ನನ್ನ ಕಡೆ ತಿರುಗಿದರು. "ಎಷ್ಟಾಗ್ತದೆ ಮಾಸ್ಟ್ರೇ?"

ನಾನು ಲೆಕ್ಕ ಮಾಡಿದೆ. ಶೇಕಡಾ ಎಂಬತ್ತಮೂರು ಚಿಲ್ಲರೆ ಶುದ್ಧಬೆಳ್ಳಿ, ಉಳಿ ಕಿತ್ತು ಹೋದ ಮಿಲಿಗ್ರಾಮುಗಳನ್ನು ಕಳೆದು, ಆ ದಿನದ ದರಕ್ಕೆ ಗುಣಿಸಿ, ಕೊನೆಯ ರೂಪಾಯಿಯವರೆಗೂ ಹೇಳಿದೆ. ಅರ್ಧ ಹೇಳಬಹುದಿತ್ತು. ಆ ಮನೆಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಅದು ನನಗೆ ಹೊಳೆದದ್ದು ಹೇಳಿದ ಮೇಲೆ. ಆಕೆ ಫೋನಿನಲ್ಲಿ ಹಣ ಕಳಿಸಿದರು. ತಮ್ಮನವರ ಕಿಸೆಯಲ್ಲಿದ್ದ ಫೋನು, ಹೋಟೆಲಿನ ಗಲ್ಲಾದಲ್ಲಿ ಹೇಳುವಂತೆ, ಇಷ್ಟು ರೂಪಾಯಿ ಬಂದಿದೆ ಎಂದು ಗಟ್ಟಿಯಾಗಿ ಹೇಳಿತು. ಯಾರೂ ನಗಲಿಲ್ಲ.

ಉಳಿದ ಆರು ನಾಣ್ಯಗಳನ್ನು ಅವಸರದಲ್ಲಿ ನೋಡಿದೆ. ಜೀವಮಾನದಲ್ಲಿ ಮೊದಲ ಸಲ ಒಂದರ ಅಡ್ಡಳತೆ ಬರೆಯದೆ ಬಿಟ್ಟೆ.

ಹೊರಟು ಬಂದಾಗ ಆಕೆ ಬಸ್ಸಿಗಾಗಿ ನಿಂತಿದ್ದರು. ನಾಣ್ಯ ಕರವಸ್ತ್ರದಲ್ಲಿತ್ತು. ಬಿಚ್ಚಿ ಮೂಗಿನ ಹತ್ತಿರ ಹಿಡಿದು ನೋಡಿದರು.

"ಇದನ್ನು ತೊಳೀಬಹುದಾ ಮಾಸ್ಟ್ರೇ? ಅಲ್ಲಿಯ ಹುಳಿವಾಸನೆ ಉಂಟು."

ಹಳೆಯ ನಾಣ್ಯವನ್ನು ತೊಳೆಯಬೇಡಿ, ಉಜ್ಜಬೇಡಿ ಎಂದು ಎಷ್ಟು ಮನೆಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ.

"ಸಾಬೂನು ಹಾಕಿ ತೊಳೆಯಿರಿ," ಎಂದೆ. "ಎರಡು ಸಲ."